ಸಿಂತಸೈಜರ್‌ನ ‘ಪ್ಯಾಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಿರುಚಿತ್ರಗಳಿಗೆ ಮನೆಯಲ್ಲೇ ಸಂಗೀತ ಮಾಡುವ ಹುಡುಗರಿಗಾಗಿ ಸಾಫ್ಟ್‌ವೇರ್ ಸಿಂತಸೈಜರ್‌ಗಳ (ಕಂಪ್ಯೂಟರಿನಲ್ಲೇ ವಾದ್ಯದ ದನಿ ಹುಟ್ಟಿಸುವ ತಂತ್ರಾಂಶಗಳ) ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದಲ್ಲೇ ಒಂದು ಪದ ಅಡ್ಡ ಕೂತಿದೆ: ಪ್ಯಾಡ್.

ಸಿನಿಮಾದಲ್ಲಿ ಬೆಟ್ಟದ ಮೇಲಿಂದ ಮಂಜು ಸರಿಯುವಾಗ ಒಂದು ದನಿ ಮೆಲ್ಲಗೆ ಎದ್ದು, ಹರಡಿ, ಯಾವಾಗ ನಿಂತಿತೆಂದೇ ತಿಳಿಯದ ಹಾಗೆ ಹೋಗುತ್ತದೆ ಅಲ್ವಾ, ಅದೇ ಇದು. ಹಲವು ಸ್ವರಗಳನ್ನು ಒಟ್ಟಿಗೆ ಹಿಡಿದು ನಿಲ್ಲಿಸುವುದು.

ಸುಮ್ನೆ ಪ್ಯಾಡ್ ಅಂತಲೇ ಬಿಡಬಹುದಿತ್ತು. ಆದರೆ ನಮ್ಮ ಆರ್ಕೆಸ್ಟ್ರಾದವರ ಬಾಯಲ್ಲಿ ಪ್ಯಾಡ್ ಅಂದರೆ ಕೋಲಿನಲ್ಲಿ ಬಾರಿಸುವ ರಿದಮ್ ಪ್ಯಾಡ್. ಗೆಳೆಯರೊಬ್ಬರಿಗೆ ‘ಒಳ್ಳೆ ಪ್ಯಾಡ್ ಸೌಂಡ್ ಇದ್ರೆ ಕಳಿಸಿ’ ಅಂದೆ. ತಮಟೆ, ಡೋಲು, ಚಪ್ಪಾಳೆ ಎಲ್ಲಾ ಬಂತು!

‘ಶ್ರುತಿ’ ಅನ್ನಿ ಎಂದರು ಇನ್ನೊಬ್ಬರು. ಅದು ಕೂಡುವುದಿಲ್ಲ. ತಂಬೂರಿ ಹಾಡು ಮುಗಿಯುವವರೆಗೂ ಅದೇ ಷಡ್ಜ, ಪಂಚಮ ಹಿಡಿದಿರುತ್ತದೆ. ಪ್ಯಾಡ್ ಹಾಗಲ್ಲ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾದಂತೆಲ್ಲ ಬದಲಾಗುತ್ತದೆ. ‘ಹಿನ್ನೆಲೆ’ ಎಂದರೆ ಇಡೀ ಹಿನ್ನೆಲೆ ಸಂಗೀತವೇ ಆಗಿಬಿಡುತ್ತದೆ. ‘ಮೆತ್ತೆ’ ಎಂದು ನೇರವಾಗಿ ತಂದರೆ ಓದುವವರು ನಗುತ್ತಾರೆ.

ನನಗೆ ಹಿಡಿಸಿದ್ದು ‘ಹಾಸುದನಿ’. ಮಗ್ಗದಲ್ಲಿ ಮೊದಲು ಹಾಸಿನ ಎಳೆಗಳನ್ನು ಬಿಗಿದು ಕಟ್ಟುತ್ತಾರೆ, ಆಮೇಲೆ ಹೊಕ್ಕು ಅಡ್ಡಲಾಗಿ ಓಡಾಡುತ್ತದೆ. ಕೊಳಲೋ ಪಿಯಾನೋನೋ ಹೊಕ್ಕಾದರೆ ಇದು ಹಾಸು. ಹರಡಿಕೊಳ್ಳುವುದು ಎಂಬ ಅರ್ಥವೂ ಅದರಲ್ಲೇ ಇದೆ.

ಆ ‘ಹರಡುವುದು’ ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ನೋಡಬೇಕಿದ್ದರೆ ಜಿನ್‌ಆ್ಯಡ್‌ಸಬ್‌ಎಫ್ಎಕ್ಸ್ ಎಂಬ ಮುಕ್ತ ತಂತ್ರಾಂಶ ತೆರೆಯಿರಿ. ಅದರ ಕರ್ತೃ ಪಾಲ್ ನಾಸ್ಕಾ ಅದರಲ್ಲಿ ಪ್ಯಾಡ್‌ಸಿಂತ್ ಎಂಬ ವಿಧಾನ ಇಟ್ಟಿದ್ದಾರೆ. ಸ್ವರದ ಒಂದೊಂದು ಹಾರ್ಮೋನಿಕ್ಕೂ (ಮೂಲ ಸ್ವರದ ಜೊತೆಗೇ ಮೊಳಗುವ ಮೇಲಿನ ಉಪಸ್ವರ) ಒಂದೇ ಗೆರೆಯಾಗಿ ನಿಲ್ಲದೆ ಆಚೀಚೆ ಸ್ವಲ್ಪ ಅಗಲವಾಗುತ್ತದೆ. ಅಗಲ ಜಾಸ್ತಿ ಮಾಡಿದಷ್ಟೂ ಒಬ್ಬರು ಹಾಡಿದ್ದು ಹತ್ತಾರು ಜನ ಹಾಡಿದ ಹಾಗೆ ಕೇಳಿಸುತ್ತದೆ.

ದುಡ್ಡಿಲ್ಲದೆ ಸಿಗುವ ಸಿಂತಸೈಜರ್‌ಗಳಲ್ಲಿ ಸರ್ಜ್ ಎಕ್ಸ್‌ಟಿ, ವೈಟಲ್‌ನ ಉಚಿತ ಆವೃತ್ತಿ, ಇವೆರಡೇ ಹುಡುಗರಿಗೆ ಧಾರಾಳವಾಗಿ ಸಾಕು. ಮೇಲೆ ದನಿಗೆ ಮಾರ್ದನಿ ಸೇರಿಸುವ ವಲ್ಹಾಲಾ ಸೂಪರ್‌ಮ್ಯಾಸಿವ್ ಹಾಕಿದರೆ, ಅದೂ ಉಚಿತ, ಮನೆ ಕೋಣೆಯ ದನಿ ಗುಡಿಯೊಳಗಿನ ದನಿಯಾಗುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಸಿಂತಸೈಜರ್ ಆಮ್ನಿಸ್ಫಿಯರ್ ಚೆನ್ನಾಗಿದೆ, ಬೆಲೆ ನೋಡಿ ಸುಮ್ಮನಾಗಬೇಕು. ಅದರ ಹಿಂದಿರುವ ಎರಿಕ್ ಪರ್ಸಿಂಗ್ ಅವರೇ 1987ರ ರೋಲಂಡ್ ಡಿ-50 ಸಿಂತಸೈಜರ್‌ಗೂ ದನಿಗಳನ್ನು ಮಾಡಿಕೊಟ್ಟವರು. ಗ್ರೀಕ್ ಸಂಗೀತಗಾರ ವಾಂಜೆಲಿಸ್ ನುಡಿಸುತ್ತಿದ್ದ ಯಮಹಾ ಸಿಎಸ್-80 ಸಿಂತಸೈಜರ್‌ನ ಬಗೆಯದು ಬೇಕೆಂದರೆ ಆರ್ಟೂರಿಯಾದವರ ಸಾಫ್ಟ್‌ವೇರ್ ರೂಪವಿದೆ. ಆ ವಾದ್ಯದಲ್ಲಿ ಒತ್ತಿ ಹಿಡಿದ ಒಂದು ಕೀಯನ್ನು ಇನ್ನಷ್ಟು ಒತ್ತಿದರೆ ಅದರ ದನಿ ಮಾತ್ರ ಬದಲಾಗುತ್ತಿತ್ತು, ಪಕ್ಕದ್ದು ಹಾಗೇ ಇರುತ್ತಿತ್ತು.

ಇನ್ನೊಂದು ತೊಡಕು. ಈ ತಂತ್ರಾಂಶಗಳ ಮೆನುವಿನಲ್ಲಿ ‘ಪ್ಯಾಡ್’ ಎಂದೇ ಇರುತ್ತದೆ. ಹಾಗಾಗಿ ಗುಂಡಿ, ಮೆನುಗಳ ಹೆಸರನ್ನು ಪರದೆಯಲ್ಲಿ ಇದ್ದಂತೆ ಬಿಟ್ಟು, ವಿವರಣೆಯಲ್ಲಿ ಮಾತ್ರ ಹಾಸುದನಿ ಬಳಸುವ ಯೋಚನೆ. ಇದು ಸರಿಯೇ?

ಜೊತೆಗೆ ಬರುವ ಪದಗಳೂ ಬೇಕು. ಅಟ್ಯಾಕ್‌ಗೆ (ಕೀ ಒತ್ತಿದ ಮೇಲೆ ದನಿ ಪೂರ್ತಿ ಏಳಲು ಹಿಡಿಯುವ ಸಮಯ) ‘ಏರುವ ಹೊತ್ತು’, ರಿಲೀಸ್‌ಗೆ (ಕೀ ಬಿಟ್ಟ ಮೇಲೆ ಅಡಗಲು ಹಿಡಿಯುವ ಸಮಯ) ‘ಆರುವ ಹೊತ್ತು’ ಎಂದು ಬರೆದಿದ್ದೇನೆ. ಇಂಥ ದನಿಗೆ ಎರಡು ಮೂರು ಸೆಕೆಂಡು ಏರುವುದಕ್ಕೆ, ಅದಕ್ಕಿಂತ ಜಾಸ್ತಿ ಆರುವುದಕ್ಕೆ. ಅಟ್ಯಾಕ್‌ಗೆ ‘ಎತ್ತುಗಡೆ’ ಬೇಡವೆಂದೆ, ಅದು ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ ಮೊದಲೇ ಮೀಸಲು.

ಈಥೀರಿಯಲ್‌ಗೆ (ಈ ಲೋಕದ್ದಲ್ಲವೆನಿಸುವಷ್ಟು ಹಗುರಾದ, ನವಿರಾದ ದನಿಗೆ ಹೇಳುವ ಮಾತು) ಇನ್ನೂ ಏನೂ ಹೊಳೆದಿಲ್ಲ. ‘ಅಲೌಕಿಕ’ ಎಂದರೆ ಪ್ರವಚನ. ‘ಗಾಂಧರ್ವ’ ಎಂದರೆ ಮದುವೆ ನೆನಪಾಗುತ್ತದೆ. ‘ತೇಲುವ ದನಿ’ ಸಾಕೇ, ಅಥವಾ ತೀರಾ ಸಪ್ಪೆಯೇ?

ಇಳಕಲ್, ಮೊಳಕಾಲ್ಮೂರು ಕಡೆಯ ನೇಕಾರರ ಮಾತು ಬಲ್ಲವರು ಇಲ್ಲಿದ್ದರೆ ಒಂದು ಮಾತು ಹೇಳಿ: ‘ಹಾಸು’ ಅಲ್ಲಿ ಈಗಲೂ ಬಳಕೆಯಲ್ಲಿದೆಯೇ, ಬೇರೆ ಪದ ಬಂದಿದೆಯೇ?