ರಾಜ್ಯೋತ್ಸವದ ಬೆಳಿಗ್ಗೆ 20 ಕಿ.ಮೀ. ಸೈಕಲ್ ಟೈಮ್ ಟ್ರಯಲ್: ಏನು ಬಿಟ್ಟುಹೋಗಿದೆ ಹೇಳಿ ಸರ್

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ದಾವಣಗೆರೆ ಹತ್ತಿರದ ಸಣ್ಣ ಊರು. ಬೆಳಿಗ್ಗೆ ಸೈಕಲ್ ಹೊಡೆಯುವವರು ಹನ್ನೆರಡು ಜನ ಇದ್ದೇವೆ. ಮೇಷ್ಟ್ರು, ಮೆಡಿಕಲ್ ಅಂಗಡಿಯವರು, ಕಾಲೇಜು ಹುಡುಗರು, ಹೀಗೆ. ನವೆಂಬರ್ 1ರ ರಜೆಗೆ ಒಂದು ಸ್ಪರ್ಧೆ ಮಾಡೋಣ ಅಂತ ಆಸೆ. ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ರಸ್ತೆ ಬಂದ್ ಮಾಡಿಸಬೇಕು, ಅದು ನಮ್ಮ ಕೈಲಾಗಲ್ಲ. ಅದಕ್ಕೇ ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರನ್ನೇ ಬಿಟ್ಟು ಯಾರು ಎಷ್ಟು ಹೊತ್ತು ತಗೊಂಡರು ಅಂತ ನೋಡೋದು. ನಾಲೆ ಪಕ್ಕದ ರಸ್ತೆಯಲ್ಲಿ 10 ಕಿ.ಮೀ. ಹೋಗಿ ವಾಪಸ್ ಬರೋದು. 40 ಜನ ಬರಬಹುದು. ಖರ್ಚಿಗೆ 15 ಸಾವಿರ ಸೇರಿಸಿದ್ದೇವೆ. ಸ್ಟೇಜು, ಮೈಕು, ಟೀ ಶರ್ಟು, ಕಪ್ಪು, ಉಪ್ಪಿಟ್ಟು, ಎಲ್ಲದರ ಲೆಕ್ಕ ಹಾಕಿ ಆಯಿತು. ಬೇರೇನಾದರೂ ಬಿಟ್ಟುಹೋಗಿದೆಯಾ?

ಉತ್ತರ: ಗಡಿಯಾರ ಬಿಟ್ಟುಹೋಗಿದೆ. ಉಪ್ಪಿಟ್ಟು ನೆನಪಿದೆ, ಗಡಿಯಾರ ಇಲ್ಲ! ನಗಬೇಡಿ, ನಾನು ನೋಡಿದ ಹತ್ತರಲ್ಲಿ ಏಳು ಊರಿನ ಪಟ್ಟಿ ಹೀಗೇ ಇತ್ತು.

ನಾನು ಮೊದಲು ಕೋಚ್ ಆಗಿದ್ದೆ, ಈಗ ಬರೀ ಟೈಮ್‌ಕೀಪರ್. ಟೈಮ್ ಟ್ರಯಲ್ ಆರಿಸಿಕೊಂಡದ್ದು ಸರಿ. ಇದು ಹುಟ್ಟಿದ್ದೇ ನಿಮ್ಮಂಥ ತಾಪತ್ರಯದಲ್ಲಿ. ಇಂಗ್ಲೆಂಡಿನಲ್ಲಿ ರಸ್ತೆ ಮೇಲೆ ಗುಂಪು ರೇಸ್ ಮಾಡಿದರೆ ಪೊಲೀಸರ ಕಾಟ. 1895ರಲ್ಲಿ ಎಫ್. ಟಿ. ಬಿಡ್ಲೇಕ್ ಎಂಬವರು ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರದ ಎದುರು ಓಡಿಸಿದರು. ಆಮೇಲೆ ಬಹಳ ವರ್ಷ ಅಲ್ಲಿಯವರು ನಸುಕಿನಲ್ಲಿ, ಮೈತುಂಬ ಕಪ್ಪು ಬಟ್ಟೆ ಹಾಕಿಕೊಂಡು, ಮಾರ್ಗಕ್ಕೆ ಗುಟ್ಟಿನ ನಂಬರ್ ಕೊಟ್ಟು ಓಡುತ್ತಿದ್ದರು. ನೀವು ಕದ್ದು ಮಾಡೋದು ಬೇಡ. ಠಾಣೆಗೆ ಅರ್ಜಿ ಕೊಡಿ.

ಅರ್ಜಿಯಲ್ಲಿ ಬರೀ "ಸೈಕಲ್ ರೇಸ್" ಅಂತ ಬರೆದರೆ ಅವರಿಗೆ ಗಾಬರಿ. ನಿಮಿಷಕ್ಕೆ ಒಬ್ಬರು ಹೊರಡುತ್ತಾರೆ, ಎಲ್ಲರೂ ರಸ್ತೆಯ ಎಡಗಡೆಯೇ ಓಡಿಸುತ್ತಾರೆ, ರಸ್ತೆ ಬಂದ್ ಮಾಡುವುದಿಲ್ಲ, ಇಷ್ಟು ಗಂಟೆಗೆ ಮುಗಿಯುತ್ತದೆ, ಹೀಗೆ ಬಿಡಿಸಿ ಬರೆಯಿರಿ. ಮಾರ್ಗದ ನಕ್ಷೆ ಕೈಯಲ್ಲಿ ಬರೆದದ್ದಾದರೂ ಸಾಕು. ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ದಾರಿಯಲ್ಲಿ ಬರುವ ಪಂಚಾಯಿತಿಗಳಿಗೂ ಒಂದೊಂದು ಪ್ರತಿ. ನವೆಂಬರ್ 1ಕ್ಕೆ ಪೊಲೀಸರೆಲ್ಲ ಧ್ವಜಾರೋಹಣ, ಮೆರವಣಿಗೆ ಬಂದೋಬಸ್ತಿನಲ್ಲಿ ಇರುತ್ತಾರೆ. ಅವರಿಂದ ಜಾಸ್ತಿ ಜನ ನಿರೀಕ್ಷಿಸಬೇಡಿ. ಇಬ್ಬರು ಹೋಮ್ ಗಾರ್ಡ್ ಸಿಕ್ಕರೆ ಪುಣ್ಯ, ಅವರಿಬ್ಬರನ್ನೂ ತಿರುವಿನಲ್ಲೇ ನಿಲ್ಲಿಸಿ.

ಅಂದ ಹಾಗೆ ನಿಮ್ಮ ತಿರುವು ಎಲ್ಲಿ?

ಪ್ರಶ್ನೆ ಕೇಳಿದವರು: ಹತ್ತನೇ ಕಿಲೋಮೀಟರಿಗೆ ಸರಿಯಾಗಿ ಒಂದು ಸೇತುವೆ ಬರುತ್ತದೆ ಸರ್. ಸೇತುವೆ ದಾಟಿದ ಕೂಡಲೇ ಒಂದು ಡ್ರಮ್ ಇಟ್ಟು ಸುತ್ತಿಸೋಣ ಅಂತ.

ಉತ್ತರ: ಅಲ್ಲಿ ಬೇಡ. ಸೇತುವೆಯ ಉಬ್ಬಿನಿಂದಾಗಿ ಆ ಕಡೆಯಿಂದ ಬರುವ ಟ್ರ್ಯಾಕ್ಟರಿನವನಿಗೆ ನಿಮ್ಮ ಡ್ರಮ್ ಕಾಣಲ್ಲ. ಇಡೀ ಟೈಮ್ ಟ್ರಯಲ್‌ನಲ್ಲಿ ಸವಾರ ಎದುರು ವಾಹನಕ್ಕೆ ಅಡ್ಡ ಬರುವುದು ಅಲ್ಲೊಂದೇ ಕಡೆ. ಬಿದ್ದರೆ ಅಲ್ಲೇ ಬೀಳುವುದು. ಎರಡೂ ಕಡೆ ಇನ್ನೂರು ಮೀಟರ್ ನೇರವಾಗಿ ಕಾಣುವ ಅಗಲ ಜಾಗ ಹುಡುಕಿ. ಶಾಲೆ ಮುಂದೆ, ಬಸ್ ಸ್ಟ್ಯಾಂಡ್ ಮುಂದೆ ಇರುತ್ತದಲ್ಲ, ಅಂಥದ್ದು. ಅದು 9.4 ಕಿ.ಮೀ.ಗೆ ಸಿಕ್ಕರೆ 9.4ಕ್ಕೇ ತಿರುಗಿಸಿ. ಎಲ್ಲರಿಗೂ ಅಷ್ಟೇ ದೂರ ತಾನೆ? 20 ಅನ್ನುವ ಅಂಕಿಗೆ ಅಂಟಿಕೊಳ್ಳಬೇಡಿ.

ತಿರುವಿನಲ್ಲಿ ನಾಲ್ಕು ಜನ ಇರಲಿ. ಆಚೆ ಒಬ್ಬರು, ಈಚೆ ಒಬ್ಬರು ವಾಹನ ನಿಲ್ಲಿಸಲು. ಒಬ್ಬರು "ನಿಧಾನ, ನಿಧಾನ" ಅಂತ ಕೂಗಲು. ಇನ್ನೊಬ್ಬರು ತಿರುಗಿದವರ ನಂಬರ್ ಬರೆದುಕೊಳ್ಳಲು. ಈ ನಾಲ್ಕನೆಯವರನ್ನು ಮರೆಯಬೇಡಿ. ಎಂಟು ಕಿಲೋಮೀಟರಿಗೇ ವಾಪಸ್ ತಿರುಗಿದವರು ನನಗೆ ಸಿಕ್ಕಿದ್ದಾರೆ, ಕಪ್ಪಿಗೂ ಕೈ ಚಾಚಿದ್ದಾರೆ.

ಈಗ ಗಡಿಯಾರ. ನಾನು ಮೊದಲ ಸಲ ನಡೆಸಿದಾಗ ಶುರುವಿನಲ್ಲಿ ನನ್ನ ಕೈಗಡಿಯಾರ, ಎರಡು ಕಿಲೋಮೀಟರ್ ಆಚೆ ಮುಕ್ತಾಯದಲ್ಲಿ ಗೆಳೆಯನದು. ಎರಡೂ ಸರಿ ಇವೆ ಅಂತ ನಂಬಿಕೆ. ಮಧ್ಯದಲ್ಲಿ ನನ್ನದು ಕಳಚಿ ಬಿತ್ತು, ಇನ್ಯಾರದೋ ಕಟ್ಟಿಕೊಂಡೆ. ಅದು 23 ಸೆಕೆಂಡು ಮುಂದಿತ್ತು. ಒಂದನೇ ಬಹುಮಾನದವನು ನಾಲ್ಕಕ್ಕೆ, ನಾಲ್ಕನೆಯವನು ಒಂದಕ್ಕೆ. ಹುಡುಗನ ಅಪ್ಪ ಎಲ್ಲರೆದುರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೆಕೆಂಡು ಅಂದರೆ ಸಣ್ಣದಲ್ಲ. 1989ರ ಟೂರ್ ಡಿ ಫ್ರಾನ್ಸ್ ಮೂರು ವಾರ ನಡೆದು, ಕೊನೆಯ ದಿನದ 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಗ್ರೆಗ್ ಲೆಮಾಂಡ್ ಗೆದ್ದದ್ದು ಒಟ್ಟು 8 ಸೆಕೆಂಡಿನಿಂದ.

ಹೀಗೆ ಮಾಡಿ. ಎರಡು ಸ್ಟಾಪ್‌ವಾಚ್ ತನ್ನಿ. ಒಂದು ಫೋನ್ ಆದರೂ ಪರವಾಗಿಲ್ಲ, ಏರೋಪ್ಲೇನ್ ಮೋಡಿಗೆ ಹಾಕಿ. 6:20ಕ್ಕೆ ಎರಡನ್ನೂ ಒಟ್ಟಿಗೆ ಒತ್ತಿ. ಒಂದು ಶುರುವಿನಲ್ಲಿ, ಇನ್ನೊಂದು ಮುಕ್ತಾಯದಲ್ಲಿ. ಮುಗಿಯುವ ತನಕ ಯಾರೂ ಗುಂಡಿ ಮುಟ್ಟಬಾರದು. 1ನೇ ನಂಬರಿನವರು ವಾಚು ಒಂದು ನಿಮಿಷ ತೋರಿಸಿದಾಗ ಹೊರಡುತ್ತಾರೆ, 17ನೇ ನಂಬರಿನವರು ಹದಿನೇಳಕ್ಕೆ. ಅವರು ಗೆರೆ ದಾಟಿದಾಗ ವಾಚಿನಲ್ಲಿ 55 ನಿಮಿಷ 42 ಸೆಕೆಂಡು ಇದ್ದರೆ 17 ಕಳೆಯಿರಿ. ಅವರ ಸಮಯ 38:42. ಕ್ಯಾಲ್ಕುಲೇಟರೂ ಬೇಡ. ತಡವಾಗಿ ಬಂದವರಿಗೆ ಬೇರೆ ಸಮಯ ಕೊಡಬೇಡಿ. 17ಕ್ಕೆ ಬರಬೇಕಾದವರು 19ಕ್ಕೆ ಬಂದರೆ ಆ ಎರಡು ನಿಮಿಷ ಅವರ ಲೆಕ್ಕಕ್ಕೇ. ಇದನ್ನು ಹಿಂದಿನ ದಿನವೇ ಹೇಳಿಬಿಡಿ.

ಒಬ್ಬ ಸದಸ್ಯರು: ಸರ್, ಜೋರಾಗಿ ಹೊಡೆಯುವವರನ್ನು ಮೊದಲು ಬಿಟ್ಟರೆ ಬೇಗ ಮುಗಿಯಲ್ವಾ? ನಮ್ಮೂರಲ್ಲಿ ಹಾಗೇ ಮಾಡಿದ್ದೆವು.

ಉತ್ತರ: ತಿರುಗಾ ಮುರುಗಾ. ನಿಧಾನದವರು ಮೊದಲು. ಲೆಕ್ಕ ಹಾಕಿ ನೋಡಿ. ಗಂಟೆಗೆ 20 ಕಿ.ಮೀ. ಹೋಗುವವರಿಗೆ ಒಂದು ಗಂಟೆ ಬೇಕು. 35ರಲ್ಲಿ ಹೋಗುವವರಿಗೆ ಸುಮಾರು 34 ನಿಮಿಷ. ನಿಧಾನದವರು 6:21ಕ್ಕೆ ಹೊರಟರೆ 7:21ಕ್ಕೆ ಬಂದರು. ಜೋರಿನವರು ಕೊನೆಗೆ, ಏಳಕ್ಕೆ ಹೊರಟರೂ 7:34ಕ್ಕೆ ಮುಗಿಯಿತು. ಉಲ್ಟಾ ಮಾಡಿದರೆ ಎಂಟರ ತನಕ ಕಾಯಬೇಕು. ಆಗ ರಸ್ತೆಗೆ ಸ್ತಬ್ಧಚಿತ್ರದ ಟ್ರ್ಯಾಕ್ಟರುಗಳು ಇಳಿದಿರುತ್ತವೆ.

ಆದರೆ ಇದರಲ್ಲೂ ಒಂದು ಕಷ್ಟ ಇದೆ. ನಲವತ್ತು ಜನರೂ ಹದಿಮೂರು ಹದಿನಾಲ್ಕು ನಿಮಿಷದೊಳಗೆ ವಾಪಸ್ ಬರುತ್ತಾರೆ. ಅಂದರೆ ಸುಮಾರು 20 ಸೆಕೆಂಡಿಗೆ ಒಬ್ಬರು, ಕೆಲವೊಮ್ಮೆ ಇಬ್ಬರು ಒಟ್ಟಿಗೆ. ಮುಕ್ತಾಯದಲ್ಲಿ ಒಬ್ಬರೇ ನೋಡಿ, ಒಬ್ಬರೇ ಬರೆಯುವುದು ಆಗದ ಮಾತು. ಮೂವರು ಇರಲಿ. ಸ್ವಲ್ಪ ಮುಂದೆ ನಿಂತವರು ನಂಬರ್ ಕೂಗಲಿ. ವಾಚಿನವರು ಕಣ್ಣು ಎತ್ತದೆ ಸಮಯ ಕೂಗಲಿ. ಮೂರನೆಯವರು ಬರೆಯಲಿ. ಪಕ್ಕದಲ್ಲಿ ಒಂದು ಫೋನು ವಿಡಿಯೋ ಮಾಡುತ್ತಾ ಇರಲಿ, ಜಗಳ ಬಂದರೆ ಬೇಕಾಗುತ್ತದೆ. ಬರೆಯಲು ಬಾಲ್ ಪೆನ್ ಬೇಡ, ಪೆನ್ಸಿಲ್. ಆ ಹೊತ್ತಿನಲ್ಲಿ ಇಬ್ಬನಿಗೆ ಹಾಳೆ ಮೆತ್ತಗಾಗಿ ಪೆನ್ ಸುಮ್ನೆ ಗೀಚುತ್ತದೆ, ಅಕ್ಷರ ಮೂಡಲ್ಲ. ಮೂರು ಸಮಯ ಹೀಗೇ ಕಳೆದುಕೊಂಡಿದ್ದೇನೆ.

ಮುಕ್ತಾಯದ ಗೆರೆ ಶುರುವಿನ ಜಾಗಕ್ಕಿಂತ ಇನ್ನೂರು ಮೀಟರ್ ಮೊದಲೇ ಇರಲಿ. ಜನರೆಲ್ಲ ಶುರುವಿನ ಹತ್ತಿರ ಟೀ ಕುಡಿಯುತ್ತಾ ರಸ್ತೆ ಆಚೆ ಈಚೆ ಓಡಾಡುತ್ತಿರುತ್ತಾರೆ. ಅವರ ನಡುವೆ ತಲೆ ತಗ್ಗಿಸಿ ನಲವತ್ತರ ವೇಗದಲ್ಲಿ ಬರುವವನನ್ನು ನುಗ್ಗಿಸಬೇಡಿ.

ಇನ್ನೊಬ್ಬ ಸದಸ್ಯೆ: ಸರ್, ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆಗೆ ಹೋಗುವ ಸೈಕಲ್ಲೇ ಇರೋದು, ಗೇರ್ ಇಲ್ಲ. ಇಂಥವರು ಬರಬಹುದಾ?

ಉತ್ತರ: ಖಂಡಿತ ಬರಲಿ ಮೇಡಂ. ನೀವು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಹೆಲ್ಮೆಟ್ ಇರಲೇಬೇಕು. ಇಲ್ಲದವರಿಗೆ ಸಂಘದವರೇ ನಾಲ್ಕೈದು ಇಟ್ಟುಕೊಂಡಿರಲಿ. ಮಕ್ಕಳಿಗೆ ಅರ್ಧ ದೂರ ಸಾಕು.

ಸಂಘದವರಿಗೆ ಇದರ ಜೊತೆಗೇ ಒಂದು ಮಾತು. ಸಾದಾ ಸೈಕಲ್ಲಿಗೆ ಬೇರೆ ವಿಭಾಗ, ಗೇರ್ ಸೈಕಲ್ಲಿಗೆ ಬೇರೆ. ಹಾಲಿನ ಕ್ಯಾನ್ ಕಟ್ಟುವ ಸೈಕಲ್ಲಿನಲ್ಲಿ 42 ನಿಮಿಷಕ್ಕೆ ಬಂದವರನ್ನು ನೋಡಿದ್ದೇನೆ, ಅವರನ್ನು ಕಾರ್ಬನ್ ಸೈಕಲ್ಲಿನ ಜೊತೆ ಒಂದೇ ಪಟ್ಟಿಯಲ್ಲಿ ಹಾಕಿದ್ದು ನಮ್ಮ ತಪ್ಪು. ಮತ್ತೆ ದೊಡ್ಡ ನಗದು ಬಹುಮಾನ ಅಂತ ಪೋಸ್ಟರ್ ಹಾಕಬೇಡಿ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಅಂದರೆ ಮನೆಮಾತು, ಅಲ್ಲಿ ಪಳಗಿದ ಹುಡುಗರು ರಾತ್ರಿ ಬಸ್ ಹತ್ತಿ ಬಂದು ಮೂರೂ ಬಹುಮಾನ ಗೆದ್ದು ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾರೆ. ಅವರದು ತಪ್ಪಿಲ್ಲ, ಚೆನ್ನಾಗಿ ಓಡಿಸುತ್ತಾರೆ. ಆದರೆ ನಿಮ್ಮ ಮೆಡಿಕಲ್ ಅಂಗಡಿಯವರು ಮುಂದಿನ ವರ್ಷ ಬರಲ್ಲ.

ಪ್ರಶ್ನೆ ಕೇಳಿದವರು: ಸರ್, ತಿರುವು ಬದಲಾಯಿಸಿದೆವು. ಶಾಲೆ ಮುಂದೆ, 9.1 ಕಿ.ಮೀ. ಇನ್ನು ಎರಡು ಪ್ರಶ್ನೆ. ಒಬ್ಬರನ್ನೊಬ್ಬರು ಹಿಂದೆ ಹಾಕುವಾಗ ನಿಯಮ ಏನು? ಮತ್ತೆ, ಅತಿಥಿಗಳು ಹಸಿರು ಬಾವುಟ ತೋರಿಸಿ ಶುರು ಮಾಡಬೇಕು ಅಂತ ನಮ್ಮ ಅಧ್ಯಕ್ಷರು ಹಟ ಹಿಡಿದಿದ್ದಾರೆ.

ಉತ್ತರ: ಮೊದಲನೆಯದು ಸುಲಭ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಹಿಂದೆ ಹಾಕುವವರು ಪಕ್ಕಕ್ಕೆ ಎರಡು ಮೀಟರ್ ಬಿಡಬೇಕು, ಒಂದು ಕಿಲೋಮೀಟರ್ ಆದ ಮೇಲೆ ಹಿಂದೆ ಬಿದ್ದವರು 25 ಮೀಟರ್ ದೂರ ಇರಬೇಕು. ನಿಮ್ಮ ರಸ್ತೆಯಲ್ಲಿ ಅಳೆಯುವವರು ಯಾರು? "ಹಿಂದೆ ಹಾಕಿದರೆ ಮುಂದೆ ಹೋಗಿಬಿಡಿ, ಜೊತೆಯಲ್ಲಿ ಬರಬೇಡಿ" ಅಂದರೆ ಸಾಕು. ಇದಕ್ಕಿಂತ ದೊಡ್ಡ ಕಾಟ ಬೈಕಿನಲ್ಲಿ ಪಕ್ಕಕ್ಕೇ ಬರುವ ಗೆಳೆಯರದು. ಅವರು ಬರೀ ವಿಡಿಯೋ ಮಾಡುತ್ತಿದ್ದೇವೆ ಅನ್ನುತ್ತಾರೆ, ಗಾಳಿಯನ್ನೂ ತಡೆಯುತ್ತಾರೆ, ರಸ್ತೆಯನ್ನೂ ಅಡ್ಡಗಟ್ಟುತ್ತಾರೆ. ಬೈಕ್ ಜೊತೆ ಬಂದರೆ ಆ ಸವಾರ ಔಟ್.

ಎರಡನೆಯದು ನನ್ನನ್ನು ಕೇಳಿದರೆ ಬೇಡ. ಅತಿಥಿಗಳು 6:20ಕ್ಕೆ ಬರುತ್ತೇನೆ ಅಂದರೆ ಏಳೂಕಾಲು. ಅಷ್ಟು ಹೊತ್ತಿಗೆ ಬಿಸಿಲು, ಬಸ್ಸು, ಹಾಲಿನ ಗಾಡಿ ಎಲ್ಲ ಬಂದಾಯಿತು. ಅವರನ್ನು ಎಂಟಕ್ಕೆ ಬಹುಮಾನ ಕೊಡಲು ಕರೆಯಿರಿ. ಅಧ್ಯಕ್ಷರಿಗೆ ಸೀಟು ಹಿಡಿಯುವ ಕೆಲಸ ಕೊಡಿ. ತಮಾಷೆಯಲ್ಲ. ಸವಾರರ ಎರಡೂ ಕಾಲು ಪೆಡಲ್ ಮೇಲೆ ಇರುವಾಗ ಹಿಂದಿನಿಂದ ಸೈಕಲ್ ಹಿಡಿದು ನಿಲ್ಲಲು ಒಬ್ಬರು ಬೇಕು. ಎಲ್ಲರಿಗೂ ಅವರೊಬ್ಬರೇ ಹಿಡಿಯಬೇಕು, ತಳ್ಳಬಾರದು, ಬಿಡಬೇಕು ಅಷ್ಟೇ. ಫೋಟೋದಲ್ಲೂ ನಲವತ್ತು ಸಲ ಬರುತ್ತಾರೆ.

ಬಾವುಟದ ವಿಷಯಕ್ಕೆ ಬಂದರೆ, ಶುರುವಿಗೆ ಬೆರಳೆಣಿಸಿ "ಐದು, ನಾಲ್ಕು, ಮೂರು" ಅನ್ನಿ, ಸಾಕು. ದಾರಿಯಲ್ಲಿ ನಿಲ್ಲುವ ಸ್ವಯಂಸೇವಕರ ಕೈಗೆ ಕೆಂಪು ಬಾವುಟವನ್ನಂತೂ ಕೊಡಲೇಬೇಡಿ. ಅವತ್ತು ಕಂಬ, ಆಟೋ, ಅಂಗಡಿ, ಎಲ್ಲೆಲ್ಲೂ ಕೆಂಪು ಹಳದಿ. ನಿಲ್ಲು ಅಂದರಾ, ಜೈ ಅಂದರಾ ಅಂತ ಸವಾರನಿಗೆ ಗೊತ್ತಾಗಲ್ಲ. ಸೀಟಿ ಮತ್ತು ಹೊಳೆಯುವ ಜಾಕೆಟ್ ಕೊಡಿ. ಸ್ಟೇಜಿನ ದುಡ್ಡಲ್ಲಿ ಅದು ಬರುತ್ತದೆ. 108 ಕರೆದರೆ ಬರುತ್ತದೆ, ಆದರೆ ನಿಮಗೋಸ್ಕರ ಕಾದು ನಿಂತಿರಲ್ಲ. ಪಕ್ಕದ ನರ್ಸಿಂಗ್ ಹೋಮಿನ ಆಂಬುಲೆನ್ಸ್ ಎರಡು ಗಂಟೆಗೆ ಮಾತಾಡಿಕೊಳ್ಳಿ. ಟೀ ಶರ್ಟ್ ಬಿಟ್ಟರೆ ಅದೂ ಬರುತ್ತದೆ.

ಒಬ್ಬ ಸದಸ್ಯರು: ದಾವಣಗೆರೆಯವರು ಕರೆದು ಉಪ್ಪಿಟ್ಟು ಕೊಡೋದು ನ್ಯಾಯವಾ? ಬೆಣ್ಣೆ ದೋಸೆ ಎಲ್ಲಿ? 😄

ಉತ್ತರ: ದೋಸೆ ರೇಸ್ ಆದ ಮೇಲೆ ಮಾತ್ರ. ತಿಂದು ಹೊರಟವರನ್ನು ನೋಡಿದ್ದೇನೆ, ವಿವರ ಬೇಡ.

ಒಂದು ಕೇಳುವುದು ಮರೆತೆ. ನಿಮ್ಮ ಕಡೆ ಈಗ ಮೆಕ್ಕೆಜೋಳ ಕೊಯ್ಲು ಅಲ್ವಾ? ರಸ್ತೆ ಮೇಲೆ ಒಣಗಲು ಹಾಕಿದ್ದಾರಾ?

ಪ್ರಶ್ನೆ ಕೇಳಿದವರು: ಹಾಕಿದ್ದಾರೆ ಸರ್. ಆರನೇ ಕಿಲೋಮೀಟರಿನಲ್ಲಿ ಅರ್ಧ ರಸ್ತೆ ಜೋಳವೇ. ಅಂಚಿಗೆ ಕಲ್ಲು ಬೇರೆ ಇಟ್ಟಿದ್ದಾರೆ.

ಉತ್ತರ: ಕಾಳಿನ ಮೇಲೆ ಸಣ್ಣ ಟೈರು ಹೋದರೆ ಗೋಲಿ ಮೇಲೆ ಕಾಲಿಟ್ಟ ಹಾಗೆ. ತೆಗೆಯಿರಿ ಅಂತ ಜೋರು ಮಾಡಲು ಹೋಗಬೇಡಿ, ಅದು ಅವರ ವರ್ಷದ ದುಡಿಮೆ. ಎರಡು ದಿನ ಮೊದಲು ಸಂಜೆ ಅವರ ಮನೆಗೇ ಹೋಗಿ ಕೇಳಿ. ರಾತ್ರಿ ಹೇಗೂ ಗುಡ್ಡೆ ಮಾಡಿ ತಾಡಪತ್ರಿ ಹೊದಿಸುತ್ತಾರೆ. ಬೆಳಿಗ್ಗೆ ಹರಡುವುದನ್ನು ಎಂಟರ ತನಕ ತಡೆಯಿರಿ ಅಂದರೆ ಒಪ್ಪುತ್ತಾರೆ. ಐದೂವರೆಗೆ ನಿಮ್ಮ ಹುಡುಗರು ಪೊರಕೆ ಹಿಡಿದು ಉಳಿದ ಕಾಳು ಗುಡಿಸಿ ಅವರ ಗುಡ್ಡೆಗೇ ಸೇರಿಸಲಿ, ಕಲ್ಲುಗಳನ್ನು ಪಕ್ಕಕ್ಕೆ ಇಡಲಿ. ಆ ಮನೆಯವರೊಬ್ಬರನ್ನು ಅಲ್ಲೇ ಸೀಟಿ ಕೊಟ್ಟು ನಿಲ್ಲಿಸಿ.

ಪ್ರಶ್ನೆ ಕೇಳಿದವರು: ಆಯ್ತು ಸರ್, ನಾಳೆ ಸಂಜೆಯೇ ಹೋಗುತ್ತೇವೆ. ಆ ಮನೆ ಹುಡುಗ ನಮ್ಮ ಮೇಷ್ಟ್ರ ಹಳೇ ಶಿಷ್ಯನಂತೆ. ತಾನೂ ಓಡಿಸುತ್ತೇನೆ ಅಂತಿದ್ದಾನೆ.

ಉತ್ತರ: ಹಾಗಾದರೆ ಸೀಟಿ ಅವರಪ್ಪನಿಗೆ ಕೊಡಿ. ಹುಡುಗನಿಗೆ 1ನೇ ನಂಬರ್ ಬೇಡ, ಆ ರಸ್ತೆಯಲ್ಲಿ ದಿನಾ ಓಡಾಡುವವನು, ನಿಧಾನದವನಂತೂ ಆಗಿರಲ್ಲ.