ಜಿಲ್ಲೆ ಬದಲಾದರೂ ಹಳೆಯ ತಾಲ್ಲೂಕುಗಳೇ ಕಾಣಿಸುತ್ತವೆ: ಒಂದರ ಮೇಲೊಂದು ಅವಲಂಬಿಸಿದ ಡ್ರಾಪ್‌ಡೌನ್‌ಗಳ ಕುರಿತು ಪ್ರಶ್ನೋತ್ತರ

ಪ್ರಶ್ನೆ:
ನಮಸ್ಕಾರ ಮೇಡಂ. ನಮ್ಮ ಭಾಗದ ಸಹಕಾರ ಸಂಘವೊಂದಕ್ಕೆ ಸದಸ್ಯತ್ವದ ಅರ್ಜಿಯನ್ನು ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಬಳಸಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ನಾಲ್ಕು ಡ್ರಾಪ್‌ಡೌನ್‌ಗಳಿದ್ದು, ಮೇಲಿನದನ್ನು ಆರಿಸಿದಾಗ ಕೆಳಗಿನದರ ಪಟ್ಟಿ ಸರ್ವರ್‌ನಿಂದ ಬರುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ಹಳ್ಳಿಯಲ್ಲಿ ಮೊಬೈಲಿನಿಂದ ಅರ್ಜಿ ತುಂಬುವಾಗ, ಜಿಲ್ಲೆ ಮೈಸೂರು ಎಂದಿದ್ದರೂ ಕೆಲವೊಮ್ಮೆ ತಾಲ್ಲೂಕಿನ ಪಟ್ಟಿಯಲ್ಲಿ ಮದ್ದೂರು, ಮಳವಳ್ಳಿ ಮೊದಲಾದ ಮಂಡ್ಯ ಜಿಲ್ಲೆಯ ಹೆಸರುಗಳು ಕಾಣಿಸುತ್ತವೆ. ಹೀಗೆ ತಪ್ಪಾಗಿ ದಾಖಲಾದ ಕೆಲವು ಅರ್ಜಿಗಳು ಈಗಾಗಲೇ ಡೇಟಾಬೇಸಿನಲ್ಲಿವೆ. ಅಲ್ಲದೆ, ಉಳಿಸಿದ ಅರ್ಜಿಯನ್ನು ತಿದ್ದಲು ತೆರೆದರೆ ಜಿಲ್ಲೆ ಮಾತ್ರ ಸರಿಯಾಗಿ ಬಂದು ಉಳಿದ ಮೂರು ಖಾಲಿಯಾಗಿರುತ್ತವೆ. ದಯವಿಟ್ಟು ದಾರಿ ತೋರಿಸಿ.

ಉತ್ತರ:
ನಮಸ್ಕಾರ. ನೀವು ಹೇಳಿದ ಮೊದಲ ದೋಷಕ್ಕೆ ನಿಧಾನವಾದ ನೆಟ್‌ವರ್ಕ್ ಕಾರಣವಲ್ಲ, ಅದು ದೋಷವನ್ನು ಹೊರಗೆಡಹಿತು ಅಷ್ಟೆ. ಅರ್ಜಿದಾರರು ಮೊದಲು ಕೈತಪ್ಪಿ ಮಂಡ್ಯ ಎಂದು ಆರಿಸಿ, ಕೂಡಲೇ ಮೈಸೂರು ಎಂದು ಬದಲಿಸುತ್ತಾರೆ ಎಂದುಕೊಳ್ಳಿ. ಆಗ ಸರ್ವರ್‌ಗೆ ಎರಡು ಕೋರಿಕೆಗಳು ಹೋಗುತ್ತವೆ, ಆದರೆ ಹೋದ ಕ್ರಮದಲ್ಲಿಯೇ ಉತ್ತರಗಳು ಮರಳಿ ಬರಬೇಕೆಂಬ ನಿಯಮವೇನೂ ಇಲ್ಲ. ಮೈಸೂರಿನ ಉತ್ತರ ಮೊದಲು ಬಂದು, ಮಂಡ್ಯದ ಉತ್ತರ ತಡವಾಗಿ ಬಂದರೆ, ಕೊನೆಗೆ ಬಂದದ್ದೇ ಪಟ್ಟಿಯ ಮೇಲೆ ಕುಳಿತುಬಿಡುತ್ತದೆ. ಕಚೇರಿಯಲ್ಲಿ ಎರಡು ಉತ್ತರಗಳೂ ಕ್ಷಣದೊಳಗೆ ಬರುವುದರಿಂದ ಈ ಅದಲುಬದಲು ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಪರಿಹಾರಕ್ಕೆ ಎರಡು ಕೆಲಸಗಳು ಬೇಕು. ಹೊಸ ಕೋರಿಕೆಯನ್ನು ಕಳುಹಿಸುವ ಮುನ್ನ ಹಳೆಯದನ್ನು ಅಬಾರ್ಟ್‌ಕಂಟ್ರೋಲರ್ (ಕಳುಹಿಸಿದ ಕೋರಿಕೆಯನ್ನು ನಡುವೆಯೇ ನಿಲ್ಲಿಸಲು ಬ್ರೌಸರ್‌ನಲ್ಲಿರುವ ಸೌಲಭ್ಯ) ಮೂಲಕ ರದ್ದುಮಾಡಿ. ಜೊತೆಗೆ ಪ್ರತಿ ಉತ್ತರದಲ್ಲಿಯೂ ಅದು ಯಾವ ಜಿಲ್ಲೆಯದು ಎಂಬ ಸಂಕೇತವನ್ನು ಸರ್ವರ್ ಸೇರಿಸಿ ಕಳುಹಿಸಲಿ. ಉತ್ತರ ಬಂದಾಗ ಪರದೆಯ ಮೇಲೆ ಈಗ ಆಯ್ಕೆಯಾಗಿರುವ ಜಿಲ್ಲೆಯ ಸಂಕೇತದೊಂದಿಗೆ ಅದನ್ನು ಹೋಲಿಸಿ, ಹೊಂದದಿದ್ದರೆ ಆ ಉತ್ತರವನ್ನು ಬಳಸದೆ ಬಿಟ್ಟುಬಿಡಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಜಿಲ್ಲೆ ಬದಲಾದ ಕ್ಷಣದಲ್ಲಿಯೇ ತಾಲ್ಲೂಕು, ಹೋಬಳಿ, ಗ್ರಾಮ ಈ ಮೂರೂ ಅಸಿಂಧುವಾಗುತ್ತವೆ. ಆದ್ದರಿಂದ ಉತ್ತರಕ್ಕಾಗಿ ಕಾಯದೆ ಮೂರನ್ನೂ ಬರಿದು ಮಾಡಿ, 'ತಾಲ್ಲೂಕುಗಳನ್ನು ತರಲಾಗುತ್ತಿದೆ' ಎಂದು ತೋರಿಸಿ ನಿಷ್ಕ್ರಿಯಗೊಳಿಸಿ. ಬಹಳ ಜನ ಪಕ್ಕದ ಒಂದು ಪಟ್ಟಿಯನ್ನು ಮಾತ್ರ ಖಾಲಿಮಾಡಿ ಅದರ ಕೆಳಗಿನವುಗಳನ್ನು ಮರೆಯುತ್ತಾರೆ. ನಿಷ್ಕ್ರಿಯವಾಗಿರುವ ಸೆಲೆಕ್ಟ್‌ನ (ಅಂದರೆ ಡ್ರಾಪ್‌ಡೌನ್‌ನ) ಮೌಲ್ಯವು ಫಾರ್ಮ್ ಜೊತೆಗೆ ಸರ್ವರ್‌ಗೆ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ತಿದ್ದುವ ಪುಟದ ತೊಂದರೆಗೆ ಕಾರಣ ಬೇರೆ. ಸ್ಕ್ರಿಪ್ಟ್ ಮೂಲಕ ಸೆಲೆಕ್ಟ್‌ಗೆ ಮೌಲ್ಯ ಕೊಟ್ಟರೆ ಚೇಂಜ್ ಈವೆಂಟ್ (ಆಯ್ಕೆ ಬದಲಾಯಿತು ಎಂದು ಬ್ರೌಸರ್ ಕೊಡುವ ಸೂಚನೆ) ತಾನಾಗಿ ಉಂಟಾಗುವುದಿಲ್ಲ. ಅಲ್ಲದೆ ಪಟ್ಟಿ ಬರುವ ಮುನ್ನವೇ ಮೌಲ್ಯ ಕೊಟ್ಟರೆ ಅಂಥ ಆಯ್ಕೆ ಇಲ್ಲದ ಕಾರಣ ಅದು ಖಾಲಿಯಾಗಿಯೇ ಉಳಿಯುತ್ತದೆ, ಬ್ರೌಸರ್ ಯಾವ ದೋಷವನ್ನೂ ಸೂಚಿಸುವುದಿಲ್ಲ. ಪಟ್ಟಿ ತರುವ ಕೆಲಸವನ್ನು ಪ್ರತ್ಯೇಕ ಫಂಕ್ಷನ್ ಆಗಿ ಬರೆದು, ತಾಲ್ಲೂಕುಗಳು ಬರುವವರೆಗೆ ಕಾದು ತಾಲ್ಲೂಕನ್ನು ಆರಿಸಿ, ಅನಂತರ ಹೋಬಳಿಗಳಿಗೆ ಕಾದು ಹೋಬಳಿಯನ್ನು ಆರಿಸಿ, ಹೀಗೆ ಒಂದಾದ ಮೇಲೊಂದರಂತೆ ನಡೆಸಬಹುದು. ತಿದ್ದುವ ಪುಟದ ಮಟ್ಟಿಗೆ ನಾಲ್ಕೂ ಪಟ್ಟಿಗಳನ್ನು ಸರ್ವರ್‌ನಲ್ಲಿಯೇ ತುಂಬಿ ಕಳುಹಿಸುವುದು ಇನ್ನೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮರುಪ್ರಶ್ನೆ:
ಧನ್ಯವಾದಗಳು ಮೇಡಂ. ಹಾಗಾದರೆ ಎಲ್ಲ ಪಟ್ಟಿಗಳನ್ನೂ ಪುಟದೊಂದಿಗೆ ಒಮ್ಮೆಲೇ ಕಳುಹಿಸಬಹುದಲ್ಲವೇ? ಈಗ ಹೆಸರನ್ನೇ ಮೌಲ್ಯವಾಗಿ ಉಳಿಸುತ್ತಿದ್ದೇನೆ, ಅದು ಸರಿಯೇ?

ಉತ್ತರ:
ಅರ್ಧ ಒಪ್ಪುತ್ತೇನೆ. ರಾಜ್ಯದ 31 ಜಿಲ್ಲೆಗಳನ್ನೂ ಅವುಗಳ ತಾಲ್ಲೂಕುಗಳನ್ನೂ ಪುಟದೊಂದಿಗೇ ಕಳುಹಿಸಿ. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಒಂದು ವಿಧಾನ) 3 ಬೈಟ್ ತೆಗೆದುಕೊಂಡರೂ ಆ ಹೆಸರುಗಳೆಲ್ಲ ಸೇರಿ ಒಂದು ಸಣ್ಣ ಚಿತ್ರದಷ್ಟೂ ಆಗುವುದಿಲ್ಲ, ಮತ್ತು ನೀವು ಕಂಡ ಮೊದಲ ದೋಷಕ್ಕೆ ಅಲ್ಲಿ ಅವಕಾಶವೇ ಉಳಿಯುವುದಿಲ್ಲ. ಗ್ರಾಮಗಳು ಸಾವಿರಾರು ಇರುವುದರಿಂದ ಅವುಗಳನ್ನು ಮಾತ್ರ ಹೋಬಳಿ ಆರಿಸಿದ ಮೇಲೆ ತರಿಸಿಕೊಳ್ಳಿ.

ಹೆಸರನ್ನು ಮೌಲ್ಯವಾಗಿ ಉಳಿಸುವುದನ್ನು ಇಂದೇ ನಿಲ್ಲಿಸಿ. ಹೊಸಹಳ್ಳಿ, ರಾಂಪುರ ಎಂಬ ಊರುಗಳು ಎಷ್ಟು ಕಡೆ ಇವೆ ಎಂಬುದು ನಮ್ಮ ನಾಡಿನವರಿಗೆ ಹೇಳಬೇಕಾಗಿಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮಗಳಿಗೆ ಸಂಕೇತ ಸಂಖ್ಯೆಗಳಿವೆ. ಅವನ್ನೇ ಬಳಸಿದರೆ ಮುಂದೆ ಬೇರೆ ದತ್ತಾಂಶದೊಂದಿಗೆ ಹೊಂದಿಸುವುದೂ ಸುಲಭ. ಅರ್ಜಿಯಲ್ಲಿ ಗ್ರಾಮದ ಸಂಕೇತ ಸಿಕ್ಕರೆ ಸಾಕು, ಹೋಬಳಿ, ತಾಲ್ಲೂಕು, ಜಿಲ್ಲೆಗಳನ್ನು ಸರ್ವರ್ ತನ್ನ ಕೋಷ್ಟಕಗಳಿಂದಲೇ ಕಂಡುಕೊಳ್ಳಬೇಕು. ಬ್ರೌಸರ್ ಕಳುಹಿಸಿದ ನಾಲ್ಕು ಮೌಲ್ಯಗಳನ್ನು ಪರಿಶೀಲಿಸದೆ ಹಾಗೆಯೇ ದಾಖಲಿಸಿದ್ದರಿಂದಲೇ ನಿಮ್ಮಲ್ಲಿ ಪರದೆಯ ತಪ್ಪು ಡೇಟಾಬೇಸಿನ ತಪ್ಪಾಯಿತು.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಪಟ್ಟಿಯನ್ನು ಸಾಮಾನ್ಯ ಸಾರ್ಟ್‌ಗೆ (ಕಂಪ್ಯೂಟರ್ ಮಾಡುವ ಕ್ರಮಜೋಡಣೆಗೆ) ಒಳಪಡಿಸಿದರೆ ಬಸವಕಲ್ಯಾಣಕ್ಕಿಂತ ಬಳ್ಳಾರಿ ಮೊದಲು ಬರುತ್ತದೆ. ಇದು ಸರಿಯೇ ಮೇಡಂ?

ಉತ್ತರ:
ನಮ್ಮ ವರ್ಣಮಾಲೆಯ ಪ್ರಕಾರ ಸರಿಯಲ್ಲ. ಯೂನಿಕೋಡಿನಲ್ಲಿ 'ಳ' ಅಕ್ಷರವನ್ನು 'ಲ' ಪಕ್ಕದಲ್ಲಿ ಇರಿಸಿದ್ದಾರೆ, ನಾವು ಅದನ್ನು 'ಹ' ಆದ ಮೇಲೆ ಹೇಳುತ್ತೇವೆ. ಸಾಮಾನ್ಯ ಸಾರ್ಟ್ ಸಂಕೇತ ಸಂಖ್ಯೆಯ ಕ್ರಮವನ್ನಷ್ಟೇ ನೋಡುತ್ತದೆ. ಈ ಪಟ್ಟಿಗಳು ಅಪರೂಪಕ್ಕೆ ಬದಲಾಗುವಂಥವು, ಆದ್ದರಿಂದ ಕೋಷ್ಟಕದಲ್ಲಿ ಅನುಕ್ರಮ ಸಂಖ್ಯೆಯ ಕಾಲಮ್ ಒಂದನ್ನು ಇಟ್ಟು, ಒಮ್ಮೆ ಕಣ್ಣಾರೆ ನೋಡಿ ತುಂಬಿಬಿಡಿ. ಅಕ್ಷರ ಬಲ್ಲ ಅಜ್ಜಿಯೊಬ್ಬರು ತಮ್ಮ ಊರನ್ನು ಹುಡುಕುವಾಗ ಅದು ಇರಬೇಕಾದ ಜಾಗದಲ್ಲಿಯೇ ಸಿಗಬೇಕು.

ಮೂಲ ಪ್ರಶ್ನೆ ಕೇಳಿದವರಿಂದ:
ಈಗಾಗಲೇ ತಪ್ಪಾಗಿ ದಾಖಲಾದವುಗಳನ್ನು ಏನು ಮಾಡಲಿ? ತಾಲ್ಲೂಕಿಗೆ ತಕ್ಕಂತೆ ಜಿಲ್ಲೆಯನ್ನು ಒಂದೇ ಅಪ್‌ಡೇಟ್ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೊಡುವ ತಿದ್ದುಪಡಿಯ ಆದೇಶದಲ್ಲಿ) ತಿದ್ದಿಬಿಡಲೇ?

ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಜಿಲ್ಲೆ ಮತ್ತು ತಾಲ್ಲೂಕು ಹೊಂದದ ಅರ್ಜಿಗಳನ್ನು ಕ್ವೆರಿಯಿಂದ ಹುಡುಕಿ ತೆಗೆಯಬಹುದು, ಆದರೆ ಎರಡರಲ್ಲಿ ಯಾವುದು ತಪ್ಪು ಎಂಬುದು ಕ್ವೆರಿಗೆ ತಿಳಿಯದು. ನೀವು ವಿವರಿಸಿದ ಪ್ರಸಂಗದಲ್ಲಿ ಜಿಲ್ಲೆಯೇ ಸರಿಯಾಗಿದ್ದು ತಾಲ್ಲೂಕು ತಪ್ಪಾಗಿರುವ ಸಾಧ್ಯತೆ ಹೆಚ್ಚು, ಅಂದರೆ ನಿಮ್ಮ ಕ್ವೆರಿ ಸರಿಯಿದ್ದುದನ್ನೇ ಕೆಡಿಸುತ್ತದೆ. ಸಂಘ ಹಳೆಯದಾಗಿದ್ದು ಹಿಂದಿನ ದಾಖಲೆಗಳನ್ನೂ ಸೇರಿಸಿದ್ದರೆ ಮತ್ತೊಂದು ಎಚ್ಚರಿಕೆ ಬೇಕು: ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು, ಹಾಗಾಗಿ ಮೂರು ಜಿಲ್ಲೆಗಳ ಹೆಸರೂ ಅರ್ಜಿಯ ದಿನಾಂಕಕ್ಕೆ ತಕ್ಕಂತೆ ಸರಿಯೇ ಆಗಿರಬಹುದು. ತಾಲ್ಲೂಕು ಯಾವ ದಿನದಿಂದ ಯಾವ ದಿನದವರೆಗೆ ಯಾವ ಜಿಲ್ಲೆಯಲ್ಲಿತ್ತು ಎಂಬ ಎರಡು ದಿನಾಂಕಗಳನ್ನು ಕೋಷ್ಟಕಕ್ಕೆ ಸೇರಿಸಿ. ಅನಂತರ ಉಳಿಯುವ ಸಂಶಯದ ಅರ್ಜಿಗಳ ಪಟ್ಟಿಯನ್ನು ಸಂಘದ ಕಾರ್ಯದರ್ಶಿಯವರಿಗೆ ಕೊಟ್ಟು, ಸದಸ್ಯರಿಗೆ ಕರೆಮಾಡಿಸಿ, ಅವರು ಹೇಳಿದ ಊರನ್ನೇ ದಾಖಲಿಸಿ.