ನಂಬಿಕಸ್ತ ಕಾರ್ ಮೆಕ್ಯಾನಿಕ್ ಹುಡುಕುವಾಗ ಏನೇನು ಕೇಳಬೇಕು?

ಕೇಳಿದ್ದು:
ಕಾರಿನ ವಾರಂಟಿ ಮುಗಿದಿದೆ. ಇನ್ನು ಮುಂದೆ ಹೊರಗಿನ ಗ್ಯಾರೇಜಿನಲ್ಲೇ ಕೆಲಸ ಮಾಡಿಸೋಣ ಅಂತಿದ್ದೇನೆ. ಬಾನೆಟ್ ಕೆಳಗಿನ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ. ಹೊಸ ಮೆಕ್ಯಾನಿಕ್ ಹತ್ತಿರ ಹೋದಾಗ ಏನು ಕೇಳಿದರೆ ಇವರನ್ನು ನಂಬಬಹುದು ಅಂತ ಗೊತ್ತಾಗುತ್ತದೆ? ಅನುಭವ ಇರುವವರು ಹೇಳಿ.

ಮೊದಲ ಉತ್ತರ:
ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಇದನ್ನು: "ಈ ಪಾರ್ಟ್ ಹೋಗಿದೆ ಅಂತ ಹೇಗೆ ಗೊತ್ತಾಯ್ತು? ಸ್ವಲ್ಪ ತೋರಿಸ್ತೀರಾ?" ಇದನ್ನು ಕೇಳೋಕೆ ಕಾರಿನ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ನಿಜವಾಗಿ ಪರೀಕ್ಷೆ ಮಾಡಿದವರ ಹತ್ತಿರ ತೋರಿಸೋಕೆ ಏನಾದರೂ ಇದ್ದೇ ಇರುತ್ತದೆ. ಸುಮ್ನೆ ಅಂದಾಜಿನ ಮೇಲೆ ಹೇಳಿದವರು ಮಾತು ತೇಲಿಸುತ್ತಾರೆ.

ನಮ್ಮ ಕಾರಿನ ಮುಂದಿನ ಚಕ್ರದಿಂದ ಗುಂಯ್ ಅಂತ ಸದ್ದು ಬರುತ್ತಿತ್ತು. ಒಂದು ಕಡೆ ಕಾರನ್ನು ಓಡಿಸಿಯೂ ನೋಡದೆ "ಸಸ್ಪೆನ್ಷನ್ ಪೂರ್ತಿ ಮಾಡಿಸಬೇಕು" ಅಂದರು. ಈಗ ನಾವು ಹೋಗುವ ಮೆಕ್ಯಾನಿಕ್ ಮೊದಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿದರು. ಯಾವ ಸ್ಪೀಡಿಗೆ ಶುರುವಾಗುತ್ತದೆ, ಬ್ರೇಕ್ ಒತ್ತಿದರೆ ಬದಲಾಗುತ್ತದಾ, ತಿರುವಿನಲ್ಲಿ ಜಾಸ್ತಿ ಆಗುತ್ತದಾ ಅಂತ ಕೇಳುತ್ತಲೇ ಹೋದರು. ಆಮೇಲೆ ಕಾರನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ, "ನೀವೂ ಹಿಡಿದು ನೋಡಿ" ಅಂದರು. ಚಕ್ರ ಸ್ವಲ್ಪ ಸಡಿಲವಾಗಿ ಟಕ್ ಟಕ್ ಅಂತ ಅಲ್ಲಾಡುವುದು ಕೈಗೇ ಸಿಕ್ಕಿತು. ಸ್ಪ್ರಿಂಗ್ ಮೇಲೆ ಬೆರಳಿಡಿಸಿ ಚಕ್ರ ತಿರುಗಿಸಿದರು, ಗರಗರ ಅನ್ನುವ ಅದುರು ಬೆರಳಿಗೆ ಬಂತು. ಇನ್ನೊಂದು ಕಡೆಯ ಚಕ್ರ ತಿರುಗಿಸಿದಾಗ ಏನೂ ಇಲ್ಲ. ಹೋಗಿದ್ದು ಒಂದು ವೀಲ್ ಬೇರಿಂಗ್ (ಚಕ್ರ ಸರಾಗವಾಗಿ ತಿರುಗುವಂತೆ ಮಾಡುವ ಪಾರ್ಟ್) ಅಷ್ಟೇ. ಅವರು ಒಳ್ಳೆಯವರು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಇಂಜಿನ್ ಲೈಟ್ ಹೊತ್ತಿಕೊಂಡಿದ್ದರೆ ಈ ಪ್ರಶ್ನೆ ಇನ್ನೂ ಮುಖ್ಯ. "ಸ್ಕ್ಯಾನರ್ ಹಾಕಿದೆ, ಸೆನ್ಸರ್ ಹೋಗಿದೆ" ಅಂತ ಒಂದೇ ಮಾತಿನಲ್ಲಿ ಮುಗಿಸುವವರು ಬಹಳ ಜನ ಇದ್ದಾರೆ. ಸ್ಕ್ಯಾನರ್ ಅಂದರೆ ಕಾರಿನ ಕಂಪ್ಯೂಟರಿಗೆ ಜೋಡಿಸಿ ನೋಡುವ ಯಂತ್ರ. ಅದು ಕೊಡುವುದು ಕೋಡ್, ಆ ಕೋಡ್ ತೊಂದರೆ ಯಾವ ಕಡೆ ಇದೆ ಅಂತ ಹೇಳುತ್ತದೆ, ಯಾವ ಪಾರ್ಟ್ ಬದಲಿಸಬೇಕು ಅಂತ ಹೇಳುವುದಿಲ್ಲ. ಪಿ0171 ಅನ್ನುವ ಕೋಡ್ ತಗೊಳ್ಳಿ. ಇಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಹೋಗುತ್ತಿದೆ ಅಂತ ಅದರ ಅರ್ಥ. ಒಂದು ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದರೂ ಬರುತ್ತದೆ, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿದ್ದರೂ ಬರುತ್ತದೆ, ಫ್ಯೂಯಲ್ ಪಂಪಿನ ಒತ್ತಡ ಇಳಿದಿದ್ದರೂ ಬರುತ್ತದೆ. ಹಾಗಾಗಿ "ಯಾವ ಕೋಡ್ ಬಂತು, ಬರೆದುಕೊಡಿ. ಅದು ಬಂದ ಮೇಲೆ ಇನ್ನೇನು ಚೆಕ್ ಮಾಡಿದ್ರಿ?" ಅಂತ ಕೇಳಿ. ಒಂದಾದ ಮೇಲೆ ಒಂದು ಸೆನ್ಸರ್ ಬದಲಿಸುತ್ತಾ ಹೋದರೆ ಆ ಊಹೆಗೆಲ್ಲ ದುಡ್ಡು ಕೊಡುವವರು ನಾವೇ ಅಲ್ವಾ?

ಬ್ಯಾಟರಿ ವಿಷಯವೂ ಹಾಗೇ. ಮೀಟರ್ ಹಾಕಿ ನೋಡುವುದು ಎರಡು ನಿಮಿಷದ ಕೆಲಸ. ಚಾರ್ಜ್ ತುಂಬಿದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಂಜಿನ್ ಓಡುತ್ತಿರುವಾಗ ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.5 ಬರಬೇಕು. ಓಡುವಾಗಲೂ 12ರ ಹತ್ತಿರವೇ ನಿಂತಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕು, ಅದನ್ನು ಬಿಟ್ಟು ಹೊಸ ಬ್ಯಾಟರಿ ಹಾಕಿಸಿದರೆ ಅದೂ ಇಳಿದು ಕೂರುತ್ತದೆ.

ಎರಡನೇ ಉತ್ತರ:
ಮೇಲಿನವರು ಹೇಳಿದ್ದಕ್ಕೆ ಏಸಿ ಸೇರಿಸುತ್ತೇನೆ. ತಂಪಾಗುತ್ತಿಲ್ಲ ಅಂತ ಹೋದರೆ "ಗ್ಯಾಸ್ ಖಾಲಿ, ತುಂಬಿಸ್ತೀನಿ" ಅಂತ ಹೇಳುವುದು ಮಾಮೂಲು. ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವಂಥದ್ದಲ್ಲ. ಪೈಪು ಸೀಲುಗಳಿಂದ ವರ್ಷಗಟ್ಟಲೆ ನಿಧಾನವಾಗಿ ಸ್ವಲ್ಪ ಹೋಗಬಹುದು, ಬೇಗ ಇಳಿದಿದೆ ಅಂದರೆ ಎಲ್ಲೋ ಲೀಕ್ ಇದೆ. "ಲೀಕ್ ಎಲ್ಲಿದೆ ಅಂತ ನೋಡಿದ್ರಾ?" ಅಂತ ಕೇಳಿ. ನೋಡದೇ ತುಂಬಿಸುವವರ ಹತ್ತಿರ ಮುಂದಿನ ಬೇಸಿಗೆಗೆ ಮತ್ತೆ ಹೋಗಬೇಕಾಗುತ್ತದೆ.

ಬ್ರೇಕ್ ಪ್ಯಾಡ್ ಬದಲಿಸಬೇಕು ಅಂದರೆ "ಎಷ್ಟು ಮಿಲಿಮೀಟರ್ ಉಳಿದಿದೆ?" ಅಂತ ಕೇಳಿ. ಹೊಸ ಪ್ಯಾಡ್ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುತ್ತದೆ, 3ಕ್ಕೆ ಬಂದಾಗ ಬದಲಿಸುವುದು ರೂಢಿ. "ಇನ್ನೂ 6 ಇದೆ, ಈಗ ಬೇಡ, ಮುಂದಿನ ಸರ್ವಿಸಿಗೆ ನೋಡೋಣ" ಅಂತ ತಾವಾಗಿಯೇ ಹೇಳುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ.

ಮೂರನೇ ಉತ್ತರ:
ನನ್ನದು ಬಿಲ್ ಬಗ್ಗೆ. ಕೆಲಸಕ್ಕೆ ಮುಂಚೆ ಎಸ್ಟಿಮೇಟ್ ಬರೆಸಿಕೊಳ್ಳಿ, ಪಾರ್ಟ್ ಬೇರೆ, ಲೇಬರ್ ಬೇರೆ. ಬಿಚ್ಚಿದ ಮೇಲೆ ಇನ್ನೇನಾದರೂ ಕಂಡರೆ ಫೋನ್ ಮಾಡಿ ಕೇಳಿಯೇ ಮುಟ್ಟಬೇಕು ಅಂತ ಮೊದಲೇ ಹೇಳಿ. ಹಾಕುವ ಪಾರ್ಟ್ ಕಂಪನಿಯದಾ, ಹೊರಗಿನ ಬ್ರ್ಯಾಂಡಾ, ರಿಪೇರಿ ಮಾಡಿದ ಹಳೆಯದಾ ಅಂತ ಕೇಳಿ. ಹೊರಗಿನ ಬ್ರ್ಯಾಂಡ್ ಅಂದ ತಕ್ಷಣ ಕೆಟ್ಟದ್ದು ಅಂತ ಅಂದುಕೊಳ್ಳಬೇಕಾಗಿಲ್ಲ, ಕಾರ್ ಕಂಪನಿಗೇ ಪಾರ್ಟ್ ಮಾಡಿಕೊಡುವವರು ತಮ್ಮ ಹೆಸರಿನಲ್ಲೂ ಮಾರುತ್ತಾರೆ. ಯಾವುದನ್ನು ಹಾಕಿದರು ಅನ್ನುವುದು ಬಿಲ್ಲಿನಲ್ಲಿ ಇರಬೇಕು, ಅಷ್ಟೇ. ಗ್ಯಾರಂಟಿ ಪಾರ್ಟಿಗೆ ಮಾತ್ರವಾ, ಲೇಬರ್‌ಗೂ ಇದೆಯಾ ಅನ್ನುವುದನ್ನೂ ಕೇಳಿ, ಪಾರ್ಟ್ ಎರಡು ತಿಂಗಳಿಗೆ ಕೈಕೊಟ್ಟರೆ ಮತ್ತೆ ಬಿಚ್ಚಿ ಜೋಡಿಸುವ ಕೂಲಿಯೇ ಜಾಸ್ತಿ ಆಗಬಹುದು.

ಹಳೆಯ ಪಾರ್ಟ್ ವಾಪಸ್ ಕೊಡಿ ಅಂತ ಕೆಲಸ ಶುರುವಾಗುವ ಮುಂಚೆಯೇ ಹೇಳಿಡಿ. ಸ್ಟಾರ್ಟರ್ ಮೋಟರ್, ಆಲ್ಟರ್ನೇಟರ್ ಥರದ್ದನ್ನು ಕೆಲವು ಸಲ ಅಂಗಡಿಗೆ ಎಕ್ಸ್‌ಚೇಂಜ್ ಕೊಡಬೇಕಾಗುತ್ತದೆ, ಆಗ ಕೊಡೋಕೆ ಆಗದಿದ್ದರೂ ತೋರಿಸಬಹುದು.

ಕೇಳಿದವರು:
ತುಂಬಾ ಥ್ಯಾಂಕ್ಸ್. ಆದರೆ ಮೊದಲ ಸಲವೇ ಇಷ್ಟೆಲ್ಲ ಕೇಳಿದರೆ ಬೇಜಾರು ಮಾಡಿಕೊಳ್ಳಲ್ವಾ? ನಂಬಿಕೆ ಇಲ್ಲ ಅಂತ ಅಂದುಕೊಂಡರೆ?

ಮೊದಲ ಉತ್ತರ ಕೊಟ್ಟವರು:
ಕೇಳುವ ಹೊತ್ತು ನೋಡಿಕೊಳ್ಳಿ. ಬೆಳಿಗ್ಗೆ ನಾಲ್ಕು ಗಾಡಿ ಸಾಲಾಗಿ ನಿಂತಿರುವಾಗ ಪ್ರಶ್ನೆ ಶುರು ಮಾಡಿದರೆ ಎಂಥವರಿಗೂ ಕಷ್ಟ. "ಮಧ್ಯಾಹ್ನ ಬಿಡುವಾದಾಗ ಬರಲಾ ಅಣ್ಣಾ?" ಅಂತ ಕೇಳಿ ಹೋಗಿ. ತೊಂದರೆ ಪತ್ತೆ ಮಾಡಿದ್ದಕ್ಕೆ ಬೇರೆಯಾಗಿ ದುಡ್ಡು ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಒಂದು ಗಂಟೆ ಕೂತು ವೈರ್ ಹಿಡಿದು ಹುಡುಕಿದವರಿಗೆ ಆ ಗಂಟೆಯ ಕೂಲಿ ಸಿಗದಿದ್ದರೆ, ಅದನ್ನು ಪಾರ್ಟ್ ಮಾರಿಯೇ ಹುಟ್ಟಿಸಿಕೊಳ್ಳಬೇಕಾಗುತ್ತದೆ. ನನಗೆ ಇದು ನ್ಯಾಯದ ಮಾತು ಅನ್ನಿಸುತ್ತದೆ.

ದೊಡ್ಡ ಕೆಲಸ ಬರುವ ತನಕ ಕಾಯಬೇಡಿ. ಮೊದಲು ಬರೀ ಆಯಿಲ್ ಚೇಂಜ್ ಮಾಡಿಸಿ ನೋಡಿ. ಯಾವ ಗ್ರೇಡ್ (ಎಷ್ಟು ದಪ್ಪದ ಆಯಿಲ್) ಹಾಕ್ತೀರಾ ಅಂತ ಕೇಳಿ. ಕಾರಿನ ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯು-20 ಅಂತಿದ್ದರೆ ಅವರು ಅದನ್ನೇ ಹೇಳಬೇಕು, ಇಲ್ಲ ಬೇರೆ ಯಾಕೆ ಅಂತ ಕಾರಣ ಕೊಡಬೇಕು. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿದರಾ, ಫಿಲ್ಟರ್ ಬದಲಿಸಿದರಾ, ಇಂಜಿನ್ ಸ್ವಲ್ಪ ಓಡಿಸಿ ನಿಲ್ಲಿಸಿ ಕೆಳಗೆ ಬಗ್ಗಿ ಲೀಕ್ ನೋಡಿದರಾ, ಡಿಪ್‌ಸ್ಟಿಕ್ ಎತ್ತಿ ಆಯಿಲ್ ಮಟ್ಟ ನೋಡಿದರಾ ಅಂತ ಪಕ್ಕದಲ್ಲೇ ನಿಂತು ಗಮನಿಸಿ. ಚಕ್ರ ಬಿಚ್ಚಿದ್ದರೆ ನಟ್ಟುಗಳನ್ನು ಕೊನೆಗೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಬೇಕೋ ಅಷ್ಟಕ್ಕೇ ಅಳತೆ ಇಟ್ಟು ಬಿಗಿಸುವ ಸ್ಪ್ಯಾನರ್) ಹಾಕಿ ಬಿಗಿ ಮಾಡುತ್ತಾರಾ ಅನ್ನುವುದನ್ನೂ ನೋಡಿ.

ಇಷ್ಟಾದ ಮೇಲೂ ಕೇಳಿದ್ದಕ್ಕೆ ಸಿಡುಕಿದರೆ ಆಯಿಲ್ ಚೇಂಜಿನ ದುಡ್ಡು ಕೊಟ್ಟು ಬಂದುಬಿಡಿ. ಕ್ಲಚ್ ಪ್ಲೇಟನ್ನೋ ಟೈಮಿಂಗ್ ಬೆಲ್ಟನ್ನೋ ಅವರ ಕೈಗೆ ಕೊಡಬೇಡಿ. ಟೈಮಿಂಗ್ ಬೆಲ್ಟ್ ಅಂದರೆ ಇಂಜಿನ್ನಿನ ವಾಲ್ವ್, ಪಿಸ್ಟನ್ ಎರಡನ್ನೂ ಒಂದೇ ತಾಳಕ್ಕೆ ಓಡಿಸುವ ಬೆಲ್ಟ್, ಅದು ತುಂಡಾದರೆ ಬಹಳಷ್ಟು ಇಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗಿಹೋಗುತ್ತದೆ. ಆ ಬೆಲ್ಟ್ ಬದಲಿಸುವ ದಿನ "ಟೆನ್ಷನರ್ (ಬೆಲ್ಟ್ ಬಿಗಿಯಾಗಿ ಹಿಡಿಯುವ ಪಾರ್ಟ್), ವಾಟರ್ ಪಂಪ್ ಎರಡನ್ನೂ ಇದರ ಜೊತೆಗೇ ನೋಡ್ತೀರಾ?" ಅಂತ ಕೇಳೋದು ಮರೀಬೇಡಿ.